ಪತ್ತನಾಜೆಗೆ ಅಟ್ಟ ಹತ್ತಿದ ಟಯರುಗಳನ್ನು ಮಳೆಗಾಲದಲ್ಲೇ ಇಳಿಸುವ ಬಗ್ಗೆ

ಮೊಕ್ಕಾಂ: ಮೇಲಿನಮಜಲು ಮನೆ
ತಾರೀಕು: 22-7-1964

ಇಂದ:
ಕಮಲಾವತಿ,
ಕೆಳಗೆ ಕಾಣಿಸಿದ ಚೇರ್ಮನ್‌ರವರ ಹೆಂಡತಿ,
ಅಡುಗೆಕೋಣೆ, ಮೇಲಿನಮಜಲು ಮನೆ,
ಗುತ್ತಿಗಾರು ಅಂಚೆ, ಪುತ್ತೂರು ತಾಲೂಕು.

ಗೆ:
ಶ್ರೀಮಾನ್ .................... ಗೌಡರು,
ಪಂಚಾಯತ್ ಚೇರ್ಮನ್,
ಚಾವಡಿ, ಅದೇ ಮನೆ, ಅದೇ ಅಂಚೆ.
(ಗಂಡನ ಹೆಸರು ಹೇಳುವ ಪದ್ಧತಿ ಅರ್ಜಿದಾರಳಿಗೆ ಇಲ್ಲದ ಕಾರಣ, ಬರೆಯುವ ಪದ್ಧತಿಯೂ ಇರತಕ್ಕದ್ದಲ್ಲವೆಂದು ಭಾವಿಸಿ ಜಾಗ ಬಿಡಲಾಗಿದೆ. ತಾವೇ ತುಂಬಿಕೊಳ್ಳತಕ್ಕದ್ದು.)

ಸೂಕ್ತ ಮಾರ್ಗ: ಅತ್ತೆಯವರಾದ ದುಗ್ಗಮ್ಮನವರ ಮೂಲಕ.

ವಿಷಯ: ಅಟ್ಟದಲ್ಲಿ ಗೋಣಿ ಹೊದ್ದು ಮಲಗಿರುವ ನಾಲ್ಕು ಹೊಸ ಟಯರುಗಳನ್ನು ಕಾರಿಗೆ ಹಾಕಿಸಿ, ತುಂಬು ಗರ್ಭಿಣಿಯಾದ ಮಗಳು ಸೇವಂತಿಯನ್ನು ಪುತ್ತೂರಿನ ಆಸ್ಪತ್ರೆಗೆ ಜೀವಸಹಿತ ಮುಟ್ಟಿಸುವ ಬಗ್ಗೆ.

ಉಲ್ಲೇಖ: 1) ಮೊನ್ನೆ ಮಧ್ಯಾಹ್ನ ಬಡಿಸುತ್ತಾ ನಾನು ಬಾಯ್ಮಾತಿನಲ್ಲಿ ಮಾಡಿದ ವಿನಂತಿ. 2) ಸದರಿ ವಿನಂತಿಗೆ ತಾವು ಮಜ್ಜಿಗೆಗೆ ಕೈಯೊಡ್ಡುತ್ತಾ ದಯಪಾಲಿಸಿದ "ಬರಹದಲ್ಲಿ ಕೊಡು, ಪರಿಶೀಲಿಸುವ" ಎಂಬ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಪಟ್ಟಂತೆ ಅರ್ಜಿದಾರಳು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರಳ ತಂದೆ ಪುತ್ತೂರಿನ ಕೋರ್ಟಿನ ಎದುರು ಮರದ ಪೆಟ್ಟಿಗೆ ಇಟ್ಟುಕೊಂಡು ಊರವರ ಅರ್ಜಿ ಬರೆದು ಜೀವನ ಸಾಗಿಸಿದವರು. ಅವರಿಗೆ ಮಸಿ ಕಲಸಿಕೊಡುತ್ತಾ ಬೆಳೆದ ಕಾರಣ "ಸದರಿ", "ಮೇಲ್ಕಾಣಿಸಿದ", "ಅವಗಾಹನೆ" ಮುಂತಾದ ಮಾತುಗಳು ನನಗೆ ಚಿಕ್ಕಂದಿನಿಂದ ಬರುತ್ತವೆ. ಮದುವೆಯಾಗಿ ಬಂದ ಮೇಲೆ ಅವುಗಳ ಅಗತ್ಯ ಬಿದ್ದಿರಲಿಲ್ಲ. ಈ ಮನೆಯಲ್ಲಿ ಬೇಕಾದದ್ದನ್ನು ಬಾಯಲ್ಲಿ ಕೇಳಿ, ಸಿಗದಿದ್ದರೆ ಬಾಯಲ್ಲೇ ಜಗಳ ಮಾಡಿ, ಅದಕ್ಕೂ ಬಗ್ಗದಿದ್ದರೆ ಸಾರಿಗೆ ಹುಳಿ ಹೆಚ್ಚಿಸಿ ಕೆಲಸ ಸಾಧಿಸಿಕೊಂಡು ಬಂದಿರುತ್ತೇನೆ. ಆದರೆ ತಾವು ಚೇರ್ಮನ್ ಆದಂದಿನಿಂದ ಬಾಯಿಗೆ ಬೆಲೆ ಹೋಗಿದೆ. ಸೌದೆ ಒಡೆಯುವ ಮಾಯಿಲಪ್ಪನಿಗೆ ಜ್ವರ ಬಂದಾಗ ಅವನೂ ರಜೆಯ ಅರ್ಜಿ ಕೊಡಬೇಕಾಯಿತು. ಅವನಿಗೆ ಓದು ಬರಹ ಬಾರದ ಕಾರಣ ಅದನ್ನು ನಾನೇ ಬರೆದುಕೊಟ್ಟೆ, ತಾವು "ಕಾರಣ ಸಾಲದು" ಎಂದು ಷರಾ ಬರೆದಿರಿ, ಅದನ್ನು ಅವನಿಗೆ ಓದಿ ಹೇಳಿದವಳೂ ನಾನೇ. ಕಾರಣ, ಈ ಅರ್ಜಿಯಲ್ಲಿ ಸಾಲುವಷ್ಟು ಕಾರಣಗಳನ್ನು ಕೊಡಲು ಪ್ರಯತ್ನಿಸಿರುತ್ತೇನೆ.

2. ತಾವು ಮಂಗಳೂರಿನ ಡಾಕ್ಟರರೊಬ್ಬರಿಂದ ಕೊಂಡು ತಂದ ಆಸ್ಟಿನ್ ಕಾರಿಗೆ ನಾಲ್ಕು ನಾಲ್ಕರ ಎರಡು ಜೊತೆ ಚಕ್ರಗಳಿವೆ. ಒಂದು ಜೊತೆ, ಡಾಕ್ಟರರ ಕಾಲದ್ದು. ಅದರ ಟಯರುಗಳಲ್ಲಿ ಹಿಂದೆ ಗೀಟುಗಳಿದ್ದವೆಂದು ತಿಳಿದವರು ಹೇಳುತ್ತಾರೆ. ಈಗ ಅವು ತಮ್ಮ ತಲೆಯಷ್ಟೇ ನುಣುಪಾಗಿವೆ, ಮಾತಿಗಾಗಿ ಕ್ಷಮೆ ಇರಲಿ. ಇನ್ನೊಂದು ಜೊತೆ, ಹೋದ ವರ್ಷ ತಾವು ಯಾರು ಯಾರದೋ ಕೈಕಾಲು ಹಿಡಿದು ತರಿಸಿದ ಹೊಸ ಟಯರುಗಳದ್ದು. ಇವುಗಳ ಗೀಟಿನಲ್ಲಿ ಬೆರಳಿಟ್ಟರೆ ಬೆರಳು ಇಳಿಯುತ್ತದೆ.

3. ಮೇ ಕೊನೆಗೆ ಪತ್ತನಾಜೆ ಬಂತೆಂದರೆ ನಮ್ಮ ಕಡೆ ಭೂತಕೋಲ, ಕಂಬಳ, ಯಕ್ಷಗಾನದ ಆಟ ಎಲ್ಲ ನಿಂತು, ಮೇಳದವರು ಗೆಜ್ಜೆ ಬಿಚ್ಚಿ ಪೆಟ್ಟಿಗೆಗೆ ಹಾಕುವುದು ಹಿಂದಿನಿಂದ ಬಂದದ್ದು. ತಾವು ಈ ಕ್ರಮವನ್ನು ಕಾರಿಗೂ ವಿಸ್ತರಿಸಿ, ಪತ್ತನಾಜೆಯ ದಿನ ಹೊಸ ಟಯರುಗಳನ್ನು ಚಕ್ರ ಸಮೇತ ಬಿಚ್ಚಿಸಿ, ಒರೆಸಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತೀರಿ. ಇಲಿ ಬಾರದಂತೆ ಒಂದು ಬೆಕ್ಕನ್ನೂ ನೇಮಿಸಿದ್ದೀರಿ. ಮನೆಗೆ ಬಂದ ನೆಂಟರಿಗೆ ಬೆಲ್ಲ ನೀರು ಕೊಟ್ಟಾದ ಮೇಲೆ ಟಾರ್ಚು ಹಿಡಿದು ಅಟ್ಟ ಹತ್ತಿಸಿ ಟಯರು ತೋರಿಸುವುದುಂಟು. ದಾರಿಯಲ್ಲಿ ಸಿಕ್ಕವರು "ಮಕ್ಕಳೆಲ್ಲ ಹುಷಾರಾ?" ಎಂದು ಕೇಳುವ ಬದಲು "ಟಯರ್ ಹುಷಾರಾ?" ಎಂದು ನನ್ನನ್ನು ಕೇಳುತ್ತಾರೆ. ಇನ್ನು ದೀಪಾವಳಿಗೆ ಮೇಳ ಹೊರಡುವಾಗಲೇ ಅವು ಕೆಳಗಿಳಿಯುವುದು. ಹಾಗಾಗಿ ಆಕಾಶ ಒಣಗಿರುವಾಗ ಗೀಟಿನ ಟಯರು, ಆಕಾಶ ಸೋರುವಾಗ ಬೋಳು ಟಯರು ಎಂಬುದು ಈ ಮನೆಯ ಕಾನೂನು.

4. ಸದರಿ ಕಾನೂನಿಗೆ ಆಧಾರ ಏನೆಂದು ನಾನು ಕೇಳಿದಾಗ ತಾವು ಕೊಟ್ಟ ವಿವರಣೆಯನ್ನು ಒಂದಕ್ಷರ ಬಿಡದೆ ಕೆಳಗೆ ಕಾಣಿಸಿರುತ್ತೇನೆ:

"ಮಳೆಗೆ ಯಾರಾದ್ರೂ ಒಳ್ಳೆ ಚಪ್ಪಲಿ ಹಾಕ್ಕೊಂಡು ಹೋಗುದುಂಟಾ? ತೆಗ್ದು ಕೈಯಲ್ಲಿ ಹಿಡ್ಕೊಂಡು ಹೋಗುದು. ಟಯರ್ ಅಂದ್ರೆ ಎಂತ? ಕಾರಿನ ಚಪ್ಪಲಿ. ಕೆಸರಲ್ಲಿ ಹೊಸ ಚಪ್ಪಲಿ ಹಾಳು ಮಾಡುವಷ್ಟು ದಡ್ಡ ನಾನಲ್ಲ."

ಈ ಮಾತು ಕೇಳಿ ಚಾವಡಿಯಲ್ಲಿ ಕೂತಿದ್ದ ಪಂಚಾಯತ್ ಮೆಂಬರುಗಳು ತಲೆದೂಗಿದರು. ಅವರಲ್ಲಿ ಯಾರ ಬಳಿಯೂ ಕಾರಿಲ್ಲ. ಚಪ್ಪಲಿ ಎಲ್ಲರ ಬಳಿಯೂ ಇತ್ತು, ಹೊರಗೆ ಮಳೆಯಾದ್ದರಿಂದ ಎಲ್ಲರ ಕಂಕುಳಲ್ಲೂ ಇತ್ತು.

5. ತಮ್ಮ ವಾದವನ್ನು ಅಲ್ಲಗಳೆಯುವಷ್ಟು ವಿದ್ಯೆ ನನಗಿಲ್ಲ. ಆದರೂ ಒಂದು ಸಂಗತಿಯನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಮಳೆ ಹಿಡಿದ ಕೂಡಲೇ ಅಂಗಳದಲ್ಲಿ ಪಾಚಿ ಕಟ್ಟುತ್ತದೆ, ಕಾಲಿಟ್ಟವರು ಜಾರುತ್ತಾರೆ. ಆಗ ಅಡಿಕೆ ಸೋಗೆ ಹಾಸಿಸುವವರು ತಾವೇ. "ಕಾಲು ಕಚ್ಚಿ ನಿಲ್ಲಿಕ್ಕೆ ಎಂತಾದ್ರೂ ಬೇಕು, ಇಲ್ಲದಿದ್ರೆ ಸೊಂಟ ಹೋಗ್ತದೆ" ಎಂದು ತಾವು ವರ್ಷ ವರ್ಷ ಆಳುಗಳಿಗೆ ಹೇಳುತ್ತೀರಿ. ಕೊಟ್ಟಿಗೆಗೆ ಹೋಗುವ ಎಮ್ಮೆಗೆ ಬೇಕಾದದ್ದು ಪುತ್ತೂರಿಗೆ ಹೋಗುವ ಕಾರಿಗೆ ಏಕೆ ಬೇಡವೆಂಬುದು ಅರ್ಜಿದಾರಳಿಗೆ ತಿಳಿಯದು. ಚಪ್ಪಲಿ ಕಳಚಿದರೆ ಕೆಳಗೆ ದೇವರು ಕೊಟ್ಟ ಕಾಲಾದರೂ ಇದೆ, ಬೆರಳೂರಿ ನಿಲ್ಲಬಹುದು. ಕಾರಿಗೆ ಬೆರಳುಗಳಿಲ್ಲ.

6. ಬೋಳು ಟಯರಿನ ನಡತೆಯ ಬಗ್ಗೆ ಈ ಮಳೆಗಾಲದ ಎರಡು ಸಂಗತಿಗಳು:

ಮೊದಲನೆಯದು. ತಾವು ಸಭೆಗೆ ಹೋಗುವಾಗ ಬೈಲಿನ ತಿರುವಿನಲ್ಲಿ ಕಾರು ರಸ್ತೆಯ ಜೊತೆ ತಿರುಗಲು ಒಪ್ಪದೆ ನೇರವಾಗಿ ನೇಜಿ ನೆಡುತ್ತಿದ್ದ ಗದ್ದೆಗೆ ಇಳಿಯಿತು. ನೆಡುತ್ತಿದ್ದ ಹೆಂಗಸರಲ್ಲಿ ಒಬ್ಬಳು ಸೊಂಟ ನೆಟ್ಟಗೆ ಮಾಡಿ, "ಗೌಡ್ರೆ, ಉಳುಮೆ ನಿನ್ನೆಯೇ ಆಗಿದೆ" ಎಂದಳು. ಕೋಣಗಳನ್ನು ಕಟ್ಟಿ ಕಾರನ್ನು ಮೇಲೆಳೆಯಲಾಯಿತು. ತಾವು ಗದ್ದೆಯ ಬದುವಿನ ಪರಿಶೀಲನೆಗೆ ಇಳಿದದ್ದಾಗಿ ಅಂದಿನ ಸಭೆಯಲ್ಲಿ ತಿಳಿಸಿದಿರಂತೆ.

ಎರಡನೆಯದಕ್ಕೆ ನಾನೇ ಸಾಕ್ಷಿ. ಪುತ್ತೂರಿನಲ್ಲಿ ಸೇವಂತಿಗೆ ಸೀರೆ ತೆಗೆದುಕೊಂಡು ಬರುತ್ತಿದ್ದೆವು. ಡ್ರೈವರ್ ಶುಕೂರ್ ಮುಂದೆ, ಅವನ ಪಕ್ಕದಲ್ಲಿ ತಾವು, ಹಿಂದೆ ನಾನು ಮತ್ತು ಅತ್ತೆ. ಕುಂಬ್ರ ದಾಟಿದ ಕೂಡಲೇ ತಿರುವಿನಲ್ಲಿ ಒಂದು ದನ ಅಡ್ಡ ನಿಂತಿತ್ತು. ಜಿನುಗು ಮಳೆ. ಶುಕೂರ್ ಬ್ರೇಕು ಒತ್ತಿದ. ಚಕ್ರ ತಿರುಗುವುದು ನಿಂತಿತು, ಕಾರು ನಿಲ್ಲಲಿಲ್ಲ. ಹಿಂದೆ ಕೂತಿದ್ದ ನಾವು ಮುಂದೆ ಬಂದೆವು, ಮುಂದಿದ್ದ ತಾವು ಹಿಂದೆ ಹೋದಿರಿ. ಮರ, ಗುಡ್ಡ, ದನ, ಪುನಃ ಮರ ಕಂಡವು. ಕಾರು ನಿಂತಾಗ ಅದರ ಮೂತಿ ಪುತ್ತೂರಿನ ಕಡೆಗಿತ್ತು. ಚರಂಡಿಗೆ ಒಂದು ಗೇಣು ಬಾಕಿ ಇತ್ತು. ದನ ಮೆಲುಕು ಹಾಕುವುದನ್ನು ನಿಲ್ಲಿಸಿರಲಿಲ್ಲ.

ಆಗ ರಸ್ತೆ ಬದಿಯ ದಿನಸಿ ಅಂಗಡಿಯ ಕಾಸಿಂ ಓಡಿಬಂದು, "ಎಂತ ಗೌಡ್ರೆ, ವಾಪಸ್ಸಾ?" ಎಂದು ಕೇಳಿದನು. ಅದಕ್ಕೆ ತಾವು, "ಹೌದು ಮಾರಾಯ, ಉಪ್ಪು ತರ್ಲಿಕ್ಕೆ ಮರ್ತು ಹೋಯ್ತು" ಎಂದಿರಿ.

"ಉಪ್ಪು ನನ್ನ ಅಂಗಡಿಯಲ್ಲೇ ಉಂಟಲ್ಲ?"

"ಅದಲ್ಲ. ನಮ್ಗೆ ಬೇಕಾದ್ದು ಪುತ್ತೂರಿನ ಉಪ್ಪು."

ಅನಂತರ ತಾವು ನಿಜವಾಗಿಯೂ ಪುತ್ತೂರಿಗೆ ಹಿಂದಿರುಗಿ ಒಂದು ಚೀಲ ಉಪ್ಪು ಕೊಂಡಿರುತ್ತೀರಿ. ಸದರಿ ಉಪ್ಪು ಈಗ ಆಟಿ ತಿಂಗಳ ಮಳೆಗೆ ಕರಗಿ ಅಡುಗೆಕೋಣೆಯಲ್ಲಿ ಹರಿಯುತ್ತಿದೆ. ಮನೆಯಲ್ಲಿ ಇಳಿಯುವಾಗ ಅತ್ತೆ ತಮ್ಮ ಹೆಸರು ಹಿಡಿದು ಕರೆದು, "ನಂಗೆ ಎಂಬತ್ತು ಆಯ್ತು, ಹೋದ್ರೆ ಹೋಯ್ತು. ಆದ್ರೆ ಹೀಗೆ ಗಿರಗಿರ ತಿರುಗಿಸಿ ಕಳಿಸ್ಬೇಡ" ಎಂದರು. ಶುಕೂರ್ ಆವತ್ತಿನಿಂದ ಪ್ರತಿ ತಿರುವಿಗೂ ಬಿಸ್ಮಿಲ್ಲಾ ಹೇಳುತ್ತಾನೆ. ನಮ್ಮ ರಸ್ತೆಯಲ್ಲಿ ತಿರುವಿಲ್ಲದ ಜಾಗವಿಲ್ಲದ ಕಾರಣ ಅವನಿಗೆ ಈಗ ಬೇರೆ ಮಾತಾಡಲು ಪುರುಸೊತ್ತಿಲ್ಲ.

7. ಇಲ್ಲಿ ಒಂದು ಮಾತನ್ನು ಖೇದಪೂರ್ವಕ ನಮೂದಿಸಬೇಕಾಗಿದೆ. ಉಪ್ಪಿನ ಪ್ರಕರಣದ ನಂತರ, ಮಳೆ ಬಿದ್ದ ದಿನ ತಾವು ಕಾರು ಹತ್ತುವುದನ್ನು ಬಿಟ್ಟಿದ್ದೀರಿ. ಸಭೆಗೆ ನಡೆದೇ ಹೋಗುತ್ತೀರಿ. ಏಕೆಂದು ಕೇಳಿದವರಿಗೆ "ನಡೆದ್ರೆ ವಾಯು ಇಳೀತದೆ" ಎನ್ನುತ್ತೀರಿ. ತಮ್ಮ ವಾಯು ಇಳಿದರೆ ಮನೆಯವರಿಗೆಲ್ಲ ಸಂತೋಷವೇ. ಆದರೆ ಸೇವಂತಿಗೆ ಆಸ್ಪತ್ರೆಗೆ ನಡೆದುಹೋಗುವ ಅನುಕೂಲವಿಲ್ಲ. ತಾವು ಹತ್ತಲು ಹೆದರುವ ಕಾರಿಗೆ ಅವಳನ್ನು ಹತ್ತಿಸಬೇಕೆಂಬುದು ತಮ್ಮ ಈಗಿನ ಆದೇಶ.

8. ಹೆರಿಗೆ ಮಾಡಿಸುವ ಮೈಮೂನಾ ಮೊನ್ನೆ ಬಂದು ಸೇವಂತಿಯ ಹೊಟ್ಟೆ ಮುಟ್ಟಿ ನೋಡಿದಳು. ಈ ಊರಿನ ಅರ್ಧ ಮಕ್ಕಳು ಅವಳ ಕೈಗೆ ಬಂದವರು, ಸೇವಂತಿಯೂ ಸೇರಿ. ಯಾವಾಗಲೂ ನಗುವವಳು ಆವತ್ತು ನಗಲಿಲ್ಲ. ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು, "ಅಮ್ಮಾ, ಮಗು ಅಡ್ಡ ಉಂಟು. ಇದು ನನ್ನ ಕೈಯಲ್ಲಿ ಆಗುದಲ್ಲ. ನೋವು ಬಂದ ಕೂಡ್ಲೆ ಪುತ್ತೂರಿಗೆ ಹೋಗ್ಬೇಕು, ದಾರಿಯಲ್ಲಿ ತಡ ಆಗ್ಬಾರ್ದು" ಎಂದಳು. ಬಸ್ಸು ಬೆಳಿಗ್ಗೆ ಒಂದು, ಅದೂ ಹೊಳೆ ತುಂಬಿದರೆ ಇಲ್ಲ. ಸುತ್ತಿನಲ್ಲಿ ಕಾರಿರುವುದು ತಮ್ಮದೊಂದೇ. ಇದನ್ನೇ ನಾನು ಮೊನ್ನೆ ಊಟದ ಹೊತ್ತಿಗೆ ಹೇಳಹೊರಟದ್ದು. ತಾವು ಮಜ್ಜಿಗೆ ಕೇಳಿದಿರಿ.

9. ಈ ಕಾರು ಈ ಮನೆಗೆ ಏಕೆ ಬಂತೆಂಬುದು ಪಂಚಾಯತಿನ ಯಾವ ಕಡತದಲ್ಲೂ ಇಲ್ಲದ ಕಾರಣ ಇಲ್ಲಿ ಬರೆಯುತ್ತೇನೆ. ಸೇವಂತಿಗಿಂತ ಮೊದಲು ನನಗೊಬ್ಬ ಗಂಡುಮಗ ಆಗಬೇಕಿತ್ತು. ಆಗಲೂ ಆಟಿಯೇ. ಎತ್ತಿನ ಗಾಡಿಯಲ್ಲಿ ನನ್ನನ್ನು ಪುತ್ತೂರಿಗೆ ಹೊರಡಿಸಿದಿರಿ. ಜಾಲ್ಸೂರಿನ ಏರಿನಲ್ಲಿ ಗಾಡಿ ಮೇಲೆ ಹತ್ತಲಿಲ್ಲ. ಚಕ್ರ ಕೆಸರಿನಲ್ಲಿ ಸುತ್ತುತ್ತಿತ್ತು, ಎತ್ತುಗಳು ಮೊಣಕಾಲೂರಿದವು, ನೀವು ಹಿಂದಿನಿಂದ ಹೆಗಲು ಕೊಟ್ಟು ದೂಡಿದಿರಿ. ದೂಡುತ್ತಿದ್ದ ಹಾಗೆಯೇ ಮಗು ಗಾಡಿಯಲ್ಲೇ ಹುಟ್ಟಿತು. ಅಳಲಿಲ್ಲ. ನೀವು ಕೈಯಿಂದಲೇ ಮಣ್ಣು ತೋಡಿದಿರಿ, ನಾನು ಗಾಡಿಯೊಳಗಿನಿಂದ ನಿಮ್ಮ ಬೆನ್ನನ್ನು ಮಾತ್ರ ನೋಡುತ್ತಿದ್ದೆ. ವಾಪಸ್ಸು ಬರುವಾಗ ನೀವು ಆಡಿದ್ದು ಒಂದೇ ಮಾತು: "ನಮ್ಮ ಮನೆಯ ಹೆಂಗಸು ಇನ್ನು ದಾರಿಯಲ್ಲಿ ಹೆರುದಿಲ್ಲ." ಆ ಮಾತಿಗೋಸ್ಕರ ಕಾರು ತಂದಿರಿ. ತಂದ ದಿನ ನನ್ನನ್ನು ಕೂರಿಸಿ ಜಾಲ್ಸೂರಿನ ಏರು ಹತ್ತಿಸಿದಿರಿ, ಇಳಿದ ಮೇಲೆ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಿರಿ. ನಾನು ಕಂಡಿದ್ದೇನೆ. ಅಂಥ ಮನುಷ್ಯ ಈಗ ಟಯರು ಒದ್ದೆಯಾಗುತ್ತದೆ ಎನ್ನುತ್ತಿರುವಿರಲ್ಲ! ನನಗೆ ಹೆದರಿಕೆಯಾಗುತ್ತಿದೆ. ನಿಮ್ಮ ಮೇಲೆ ಸಿಟ್ಟೂ ಬರುತ್ತಿದೆ. ಅದೇ ಏರನ್ನು, ಅದೇ ಮಳೆಯಲ್ಲಿ, ನನ್ನ ಮಗಳು ಆ ಬೋಳು ಟಯರಿನಲ್ಲಿ ಹತ್ತುವುದನ್ನು ನಾನು ನೋಡಲಾರೆ.

10. ಮೇಲಿನ ಕಲಮಿನಲ್ಲಿ "ನೀವು" ಎಂದಿರುವಲ್ಲೆಲ್ಲ "ತಾವು" ಎಂದು ತಿದ್ದಿ ಓದಿಕೊಳ್ಳತಕ್ಕದ್ದು.

11. ಹೊಸ ಟಯರು ಮಳೆಯಲ್ಲಿ ಓಡಿದರೆ ಸವೆಯುತ್ತದೆ ಎಂಬ ತಮ್ಮ ಆಕ್ಷೇಪಣೆಯನ್ನು ಒಪ್ಪಿರುತ್ತೇನೆ. ಸವೆಯುವುದೇ ಅದರ ಉದ್ಯೋಗ. ಅದು ಸವೆಯದೆ ಉಳಿದರೆ ಬೇರೆ ಯಾರಾದರೂ ಸವೆಯಬೇಕಾಗುತ್ತದೆ. ಅಟ್ಟದಲ್ಲಿ ಮಲಗಿಸಿದ ಮಾತ್ರಕ್ಕೆ ಅದು ಹಾಗೇ ಉಳಿಯುತ್ತದೆ ಎಂದೂ ಇಲ್ಲ. ಕೆಳಗೆ ಒಲೆ ಉರಿಸುವವಳು ನಾನು. ಹೊಗೆಯೆಲ್ಲ ಅಲ್ಲಿಗೇ ಹೋಗುವುದು. ಬೆಕ್ಕು ಕೂಡ ಅಲ್ಲಿ ನಿಲ್ಲಲಾರದೆ ಕೆಮ್ಮುತ್ತಾ ಇಳಿದು ಬಂದಿದೆ.

ಆದ್ದರಿಂದ, ಮೇಲ್ಕಾಣಿಸಿದ ಎಲ್ಲ ಕಾರಣಗಳನ್ನು ಪರಿಗಣಿಸಿ, ತಾವು ದಯವಿಟ್ಟು:

(ಅ) ಅಟ್ಟದ ನಾಲ್ಕು ಚಕ್ರಗಳನ್ನು ಇಳಿಸಿ ಕಾರಿಗೆ ಹಾಕುವಂತೆ ಶುಕೂರನಿಗೆ ಈ ದಿನವೇ ಬರಹದಲ್ಲಿ ಆದೇಶ ಕೊಡಬೇಕು. ತಮ್ಮ ರುಜು ಇಲ್ಲದೆ ಟಯರು ಮುಟ್ಟಿದರೆ ಕೆಲಸ ಹೋಗುತ್ತದೆಂದು ಅವನು ಹೆದರಿದ್ದಾನೆ.

(ಆ) ಬೋಳು ಟಯರುಗಳನ್ನು ಇನ್ನು ಯಾವ ಕಾಲದಲ್ಲೂ ಕಾರಿಗೆ ಹಾಕದೆ ಚಪ್ಪಲಿ ಹೊಲಿಯುವವನಿಗೆ ಕೊಡಬೇಕು. ಆಗ ಅವು ನಿಜವಾಗಿಯೂ ಚಪ್ಪಲಿಯಾಗುತ್ತವೆ. ಮಳೆ ಬಂದಾಗ ತಾವು ಅವನ್ನು ಕೈಯಲ್ಲಿ ಹಿಡಿದು ನಡೆಯುವುದಕ್ಕೆ ಅರ್ಜಿದಾರಳ ಆಕ್ಷೇಪಣೆ ಇಲ್ಲ.

(ಇ) ಮೇಲಿನ ಎರಡೂ ಕಾನೂನಿನ ಪ್ರಕಾರ ಸಾಧ್ಯವಿಲ್ಲವೆಂದಾದರೆ, ಸೇವಂತಿಯ ಹೆರಿಗೆಯನ್ನು ದೀಪಾವಳಿಯವರೆಗೆ ಮುಂದೂಡಿ ಆದೇಶ ಹೊರಡಿಸಿ, ಅದರ ಒಂದು ಪ್ರತಿಯನ್ನು ಮಗುವಿಗೆ ಕಳುಹಿಸಬೇಕು.

ಹೀಗೆಂದು ತಮ್ಮನ್ನು ಬಿನ್ನವಿಸಿಕೊಳ್ಳುವ,

ತಮ್ಮ ವಿಶ್ವಾಸಿ (ಇಂದಿನ ಮಟ್ಟಿಗೆ),
ಕಮಲಾವತಿ

ಅಡಕಗಳು:
1) ಕರಗಿದ ಉಪ್ಪು, ಒಂದು ಲೋಟ.
2) ರಾಮಕುಂಜದಲ್ಲಿ ಮಾಸ್ಟ್ರಾಗಿರುವ ಅಳಿಯ ತೀರ್ಥರಾಮನ ಕಾರ್ಡು. ಅದರಲ್ಲಿ ಅವನು "ಮಾವನವರಿಗೆ ಹೇಳುವಷ್ಟು ದೊಡ್ಡವನು ನಾನಲ್ಲ" ಎಂದು ನಾಲ್ಕು ಸಲ ಬರೆದು, ಕೊನೆಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಟಯರು?" ಎಂದು ಕೇಳಿದ್ದಾನೆ.
3) ಬೆಕ್ಕು. (ಹಿಡಿಯಲು ಸಿಗದ ಕಾರಣ ಲಗತ್ತಿಸಿಲ್ಲ.)

ಸೂಕ್ತ ಮಾರ್ಗದ ಶಿಫಾರಸು (ಅತ್ತೆಯವರು ಹೇಳಿದಂತೆ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿದ್ದು): "ಇದಕ್ಕೆಲ್ಲ ಕಾಗದ ಎಂತಕ್ಕೆ? ಏಣಿ ತನ್ನಿ."

ವಿಶೇಷ ಸೂಚನೆ: ಮೇಲಿನ ಶಿಫಾರಸು ಬರೆದ ಬೆನ್ನಿಗೇ ಸೇವಂತಿಗೆ ನೋವು ಶುರುವಾಯಿತು. ತಾವು ಎಂದಿನಂತೆ ಸಭೆಗೆ ನಡೆದುಹೋಗಿರುವಿರಿ. ಕರೆಯಲು ಮಾಯಿಲಪ್ಪನನ್ನು ಓಡಿಸಿದೆ. ಕಾಲುದಾರಿಯ ಸಂಕದ ಮೇಲೆ ಹೊಳೆಯ ನೀರು ಬಂದಿದೆ, ಆಚೆ ದಾಟಲಾಗುವುದಿಲ್ಲ, ಪುತ್ತೂರಿನ ರಸ್ತೆ ಮಾತ್ರ ಇನ್ನೂ ಮುಳುಗಿಲ್ಲವೆಂದು ಅವನು ಹಿಂದೆ ಬಂದನು. ಶುಕೂರ್ ಏಣಿಯ ಬುಡದಲ್ಲಿ ನಿಂತು, "ಅಮ್ಮಾ, ಗೌಡ್ರ ಆರ್ಡರ್ ಇಲ್ದೆ ಹೇಗೆ?" ಎಂದನು. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ ತಾವೇ ಏಣಿಗೆ ಕಾಲಿಟ್ಟರು. ಅದನ್ನು ನೋಡಿ ಅವನು ಓಡಿ ಹತ್ತಿದನು. ಚಕ್ರಗಳನ್ನು ಅವನು ಮೇಲಿನಿಂದ ಇಳಿಸಿಕೊಟ್ಟನು, ಮಾಯಿಲಪ್ಪ ಮತ್ತು ನಾನು ಕೆಳಗೆ ಹಿಡಿದೆವು. ನಾಲ್ಕನ್ನೂ ಹಾಕಿ ಆಗಿದೆ. ಅಷ್ಟರಲ್ಲಿ ಬಂದ ಮೈಮೂನಾ ಸೇವಂತಿಯ ಜೊತೆ ಹಿಂದಿನ ಸೀಟಿನಲ್ಲಿ ಕೂತು, ಬೇಗ ಬನ್ನಿ ಎಂದು ಕೂಗುತ್ತಿದ್ದಾಳೆ. ಈ ಕಾಗದವನ್ನು ತಮ್ಮ ಮೇಜಿನ ಮೇಲೆ ಇಟ್ಟು ನಾನೂ ಹೊರಡುತ್ತೇನೆ. ತಾವು ಇದನ್ನು ಓದುವಾಗ ನಾವು ಜಾಲ್ಸೂರಿನ ಏರು ಹತ್ತಿ ಆಗಿರುತ್ತದೆ.

ಕಾರು ಹತ್ತುವಾಗ ಸೇವಂತಿ ಬಗ್ಗಿ ಚಕ್ರ ನೋಡಿ, ಅಷ್ಟು ನೋವಿನಲ್ಲೂ, "ಅಪ್ಪ ಹೊಸ ಟಯರ್ ಹಾಕ್ಲಿಕ್ಕೆ ಹೇಳಿದ್ರಾ ಅಮ್ಮ?" ಎಂದು ಕೇಳಿದಳು. "ಹೌದು ಮಗಾ, ನಿನ್ನೆಯೇ ಹೇಳಿದ್ರು" ಎಂದಿರುತ್ತೇನೆ.

ಆದ್ದರಿಂದ ತಾವು ಮನೆಗೆ ಬಂದ ಕೂಡಲೇ ಈ ಅರ್ಜಿಯ ಮೇಲೆ "ಮಂಜೂರು" ಎಂದು ಬರೆದು, ನಿನ್ನೆಯ ತಾರೀಕು ಹಾಕಿ, ರುಜು ಮಾಡಬೇಕಾಗಿ ಪ್ರಾರ್ಥನೆ.